ಟೆಲಿಸ್ಕೋಪ್ ಆಮೇಲೆ ನೋಡೋಣ, ಬೀರುವಿನಲ್ಲಿರುವ ಹಳೇ ಕ್ಯಾಮೆರಾ ತೆಗೆಯಿರಿ

ಮಾನ್ಯ ಸಂಪಾದಕರೇ,

ಬಾಹ್ಯಾಕಾಶದಲ್ಲಿರುವ ಹಬಲ್ ಅಥವಾ ಜೇಮ್ಸ್ ವೆಬ್ ದೂರದರ್ಶಕ ತೆಗೆದ ನೀಹಾರಿಕೆಯ (ಅನಿಲ, ಧೂಳಿನ ಮೋಡದ) ಚಿತ್ರ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಮ್ಮ ಸ್ಟುಡಿಯೋಗೆ ಒಬ್ಬರಾದರೂ ಬಂದು ಕೇಳುತ್ತಾರೆ: ‘ಸಾರ್, ಇಂಥದ್ದು ತೆಗೀಬೇಕು ಅಂದ್ರೆ ಎಷ್ಟು ಲಕ್ಷದ ಟೆಲಿಸ್ಕೋಪ್ ಬೇಕಾಗುತ್ತೆ?’ ಕೇಳುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಹೈಸ್ಕೂಲ್ ಮೇಷ್ಟ್ರುಗಳಿದ್ದಾರೆ, ಮಗಳ ಹುಟ್ಟುಹಬ್ಬಕ್ಕೆ ಏನಾದರೂ ಕೊಡಿಸಬೇಕು ಅಂತ ಬಂದ ಅಪ್ಪಂದಿರಿದ್ದಾರೆ. ಎಲ್ಲರಿಗೂ ನನ್ನದು ಒಂದೇ ಉತ್ತರ. ಟೆಲಿಸ್ಕೋಪ್ ಬೇಡ. ಸದ್ಯಕ್ಕಂತೂ ಬೇಡ. ಅದನ್ನೇ ಸ್ವಲ್ಪ ಬಿಡಿಸಿ ಹೇಳೋಣ ಅಂತ ಈ ಪತ್ರ. ಉದ್ದ ಆಗುತ್ತದೆ, ಕತ್ತರಿ ಹಾಕುವುದು ನಿಮಗೆ ಬಿಟ್ಟದ್ದು.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಸ್ಟುಡಿಯೋ ಇಟ್ಟುಕೊಂಡವನು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜ್ ಫೋಟೊ, ಇವೇ ಹೊಟ್ಟೆಪಾಡು. ರಾತ್ರಿ ಆಕಾಶದ ಫೋಟೊ ತೆಗೆಯುವುದು ಹುಚ್ಚು. ವಿಜ್ಞಾನ ಓದಿದವನಲ್ಲ, ಆದರೆ ಬೆಳಕು ಕಮ್ಮಿ ಇರುವ ಕಡೆ ಫೋಟೊ ತೆಗೆಯುವುದೇ ನಮ್ಮ ಕಸುಬು, ಅಲ್ವಾ?

ನೀಹಾರಿಕೆ, ಗ್ಯಾಲಕ್ಸಿ ಎಲ್ಲ ಭಾರೀ ದೂರ ಇವೆ, ಅದಕ್ಕೇ ಚಿಕ್ಕದಾಗಿ ಕಾಣುತ್ತವೆ, ದೊಡ್ಡದು ಮಾಡಿ ನೋಡಬೇಕು ಅಂತ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಹಾಗಲ್ಲ. ದೇವಯಾನಿ (ಆಂಡ್ರೋಮಿಡಾ) ಗ್ಯಾಲಕ್ಸಿ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ಆದರೂ ಆಕಾಶದಲ್ಲಿ ಅದರ ಉದ್ದ ಹತ್ತಿರ ಹತ್ತಿರ 3 ಡಿಗ್ರಿ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಜೋಡಿಸಿದಷ್ಟು. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಕತ್ತಿಯಲ್ಲಿ ಮಸುಕಾಗಿ ಕಾಣುತ್ತದಲ್ಲ, ಎಂ 42 ಅನ್ನುವ ನೀಹಾರಿಕೆ, ಅದು ಚಂದ್ರನ ಎರಡರಷ್ಟು ಅಗಲ ಇದೆ. ಇವು ಸರಿಯಾಗಿ ಕಾಣದಿರುವುದು ಚಿಕ್ಕದಾಗಿವೆ ಅಂತಲ್ಲ, ಮಂಕಾಗಿವೆ ಅಂತ. ಬೇಕಾಗಿರುವುದು ಜೂಮ್ ಅಲ್ಲ, ಹೊತ್ತು. ಕಣ್ಣು ಆ ಕ್ಷಣದ ಬೆಳಕನ್ನು ಆಗಲೇ ಬಿಟ್ಟುಬಿಡುತ್ತದೆ. ಕ್ಯಾಮೆರಾ ಹಾಗಲ್ಲ, ಶಟರ್ ತೆರೆದಿರುವಷ್ಟು ಹೊತ್ತೂ ಬಂದ ಬೆಳಕನ್ನು ಕೂಡಿಡುತ್ತಾ ಹೋಗುತ್ತದೆ.

ಇದು ಗೊತ್ತಿಲ್ಲದವರಿಗೆಂದೇ ಆನ್‌ಲೈನ್‌ನಲ್ಲಿ ಒಂದು ಜಾತಿಯ ಟೆಲಿಸ್ಕೋಪ್ ಮಾರುತ್ತಾರೆ. ಡಬ್ಬಿಯ ಮೇಲೆ ‘500 ಪಟ್ಟು’ ಅಂತ ದಪ್ಪ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಹಬಲ್ ತೆಗೆದ ಚಿತ್ರವನ್ನೇ ಅಚ್ಚು ಹಾಕಿರುತ್ತಾರೆ. ಲೆಕ್ಕ ಸುಲಭ. ಮುಂದಿನ ಗಾಜು ಎಷ್ಟು ಮಿಲಿಮೀಟರ್ ಅಗಲ ಇದೆಯೋ ಅದರ ಎರಡರಷ್ಟು ಪಟ್ಟು ದೊಡ್ಡದು ಮಾಡಬಹುದು, ಅದೂ ಗಾಳಿ ಚೆನ್ನಾಗಿದ್ದ ರಾತ್ರಿ. 60 ಮಿಲಿಮೀಟರಿನದಕ್ಕೆ 120 ಪಟ್ಟು, ಅಷ್ಟೇ. ಅದರ ಮೇಲೆ ಎಷ್ಟು ಎಳೆದರೂ ಮಬ್ಬೇ ದೊಡ್ಡದಾಗುವುದು. ಚಂದ್ರನ ಕುಳಿ, ಗುರುವಿನ ನಾಲ್ಕು ಉಪಗ್ರಹ ನೋಡಲು ಮಕ್ಕಳಿಗೆ ಅದು ಪರವಾಗಿಲ್ಲ. ಫೋಟೊಗೆ ಮಾತ್ರ ಆಗುವುದಿಲ್ಲ, ಅದರ ಸ್ಟ್ಯಾಂಡ್ ಉಸಿರು ಬಿಟ್ಟರೂ ಅಲ್ಲಾಡುತ್ತದೆ.

ಹಾಗಾದರೆ ಏನು ಬೇಕು? ಮಿರರ್‌ಲೆಸ್ ಬಂದ ಮೇಲೆ ನಮ್ಮಂಥ ಎಷ್ಟೋ ಸ್ಟುಡಿಯೋಗಳಲ್ಲಿ ಹಳೇ ಡಿಎಸ್‌ಎಲ್‌ಆರ್ ಬಾಡಿಗಳು ಬ್ಯಾಗಿನಲ್ಲೇ ಬೂಸ್ಟು ಹಿಡಿಯುತ್ತಿವೆ. ಮನೆಗಳಲ್ಲೂ ಅಷ್ಟೇ, ಹತ್ತು ವರ್ಷದ ಹಿಂದೆ ಟ್ರಿಪ್‌ಗೆ ಅಂತ ಕೊಂಡದ್ದು ಈಗ ಫೋನ್ ಬಂದು ಮೂಲೆ ಸೇರಿದೆ. ಅದು ಸಾಕು. ಜೊತೆಗೆ ಎಲ್ಲ ಫೋಟೊಗ್ರಾಫರ್ ಹತ್ತಿರವೂ ಇರುವ 50 ಎಂಎಂ, ಎಫ್ 1.8 ಲೆನ್ಸ್. ಗಟ್ಟಿಯಾದ ಟ್ರೈಪಾಡ್ ಒಂದು, ವೈರ್ ಇರುವ ಟೈಮರ್ ರಿಮೋಟ್ ಒಂದು. ಕಿಟ್ ಜೊತೆ ಬರುವ 55-250 ಇದ್ದರೆ ಅದೂ ಆಗುತ್ತದೆ, ಆದರೆ ಶುರು ಮಾಡುವುದು 50ರಲ್ಲೇ. ಯಾಕೆ ಅಂತ ಹೇಳುತ್ತೇನೆ.

ಭೂಮಿ ತಿರುಗುತ್ತಿದೆ, ಗಂಟೆಗೆ 15 ಡಿಗ್ರಿ. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲ್ಲಾಡದೆ ನಿಂತಿದ್ದರೂ ನಕ್ಷತ್ರ ಸರಿಯುತ್ತಲೇ ಇರುತ್ತದೆ. ಜಾಸ್ತಿ ಹೊತ್ತು ಶಟರ್ ತೆರೆದಿಟ್ಟರೆ ಚುಕ್ಕಿ ಹೋಗಿ ಗೆರೆ ಆಗುತ್ತದೆ. ಇದಕ್ಕೆ ಹಳಬರು ಇಟ್ಟುಕೊಂಡಿರುವುದು 500ರ ಲೆಕ್ಕ. 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ, ಬಂದಷ್ಟು ಸೆಕೆಂಡ್. ಕ್ರಾಪ್ ಸೆನ್ಸರ್ (ಹಳೇ ಫಿಲಂ ಅಳತೆಗಿಂತ ಚಿಕ್ಕ ಸೆನ್ಸರ್) ಆದರೆ ಮೊದಲು 1.5 ಅಥವಾ 1.6ರಿಂದ ಗುಣಿಸಿಕೊಳ್ಳಬೇಕು. 50 ಎಂಎಂ, 1.6 ಕ್ರಾಪ್ ಆದರೆ 80, ಅಲ್ಲಿಗೆ 6 ಸೆಕೆಂಡ್ ಬಂತು. ಈಗಿನ ಸೆನ್ಸರ್‌ಗಳ ಪಿಕ್ಸೆಲ್ ಸಣ್ಣ, ಅದಕ್ಕೇ ನಾನು 4 ಸೆಕೆಂಡ್‌ಗೆ ನಿಲ್ಲಿಸುತ್ತೇನೆ. 200 ಎಂಎಂಗೆ ಹೋದರೆ ಒಂದೂವರೆ ಸೆಕೆಂಡ್ ಸಿಕ್ಕರೆ ಹೆಚ್ಚು, ಐದೈದು ನಿಮಿಷಕ್ಕೊಮ್ಮೆ ಎದ್ದು ಫ್ರೇಮ್ ಸರಿ ಮಾಡುತ್ತಿರಬೇಕು. 50ರಲ್ಲಿ ಆ ರಗಳೆ ಇಲ್ಲ. ಫ್ರೇಮಿನ ಅಗಲ 25 ಡಿಗ್ರಿ, 20 ನಿಮಿಷದಲ್ಲಿ ಆಕಾಶ ಸರಿಯುವುದು 5 ಡಿಗ್ರಿ. ಸುಮ್ನೆ ಬಿಟ್ಟು ಚಹಾ ಕುಡಿಯಬಹುದು.

4 ಸೆಕೆಂಡಿನ ಒಂದು ಫೋಟೊದಲ್ಲಿ ಏನೂ ಇರುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ನಕ್ಷತ್ರಗಳು, ನಡುವೆ ಒಂದು ಮಸುಕು ಕಲೆ, ಉಳಿದದ್ದೆಲ್ಲ ಗ್ರೇನ್, ಅಂದರೆ ಕಾಳು ಕಾಳಾದ ಚುಕ್ಕೆ. ಆಟ ಇರುವುದು ಅಂಥವೇ 300 ತೆಗೆಯುವುದರಲ್ಲಿ. ನಾಲ್ಕು ಸೆಕೆಂಡಿನವು 300 ಅಂದರೆ ಒಟ್ಟು 20 ನಿಮಿಷದ ಬೆಳಕು. ಕಂಪ್ಯೂಟರಿನಲ್ಲಿ ನಕ್ಷತ್ರಕ್ಕೆ ನಕ್ಷತ್ರ ಕೂರಿಸಿ ಅವನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ, ಇದಕ್ಕೆ ಸ್ಟ್ಯಾಕಿಂಗ್ ಅನ್ನುತ್ತಾರೆ, ನೀಹಾರಿಕೆಯ ಬೆಳಕು ಪ್ರತಿ ಫೋಟೊದಲ್ಲೂ ಅದೇ ಜಾಗದಲ್ಲಿರುವುದರಿಂದ ಕೂಡುತ್ತಾ ಹೋಗುತ್ತದೆ, ಗ್ರೇನ್ ಒಂದೊಂದು ಫೋಟೊದಲ್ಲಿ ಒಂದೊಂದು ಕಡೆ ಬೀಳುವುದರಿಂದ ಪರಸ್ಪರ ಕಳೆದುಹೋಗುತ್ತದೆ. ಎಷ್ಟು ಲಾಭ? ಫೋಟೊಗಳ ಸಂಖ್ಯೆಯ ವರ್ಗಮೂಲದಷ್ಟು. 16ಕ್ಕೆ 4 ಪಟ್ಟು, 100ಕ್ಕೆ 10 ಪಟ್ಟು, 400ಕ್ಕೆ 20 ಪಟ್ಟು. ನೋಡಿ, ಮೊದಲ ನೂರು ಕೊಟ್ಟಷ್ಟನ್ನು ಇನ್ನೊಮ್ಮೆ ಪಡೆಯಬೇಕಾದರೆ ಇನ್ನೂ ಮುನ್ನೂರು ಬೇಕು. ಶಟರ್ ಸವೆದುಹೋಗುತ್ತದೆ ಅಂತ ಹೆದರುವವರಿಗೆ ಒಂದು ಮಾತು: 300 ಕ್ಲಿಕ್ ಅಂದರೆ ನಮ್ಮ ಕಡೆ ಒಂದು ಮದುವೆಯ ಮುಹೂರ್ತದ ಫೋಟೊಗೂ ಸಾಲುವುದಿಲ್ಲ.

ಸೆಟಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮ್ಯಾನುಯಲ್ ಮೋಡ್, ರಾ ಫೈಲ್, ಐಎಸ್‌ಒ 1600. ಲೆನ್ಸ್ 1.8ರಲ್ಲಿ ಪೂರ್ತಿ ತೆರೆದರೆ ಮೂಲೆಯ ನಕ್ಷತ್ರಗಳು ರೆಕ್ಕೆ ಬಿಚ್ಚಿದ ಹಕ್ಕಿಯ ಹಾಗೆ ಆಗುತ್ತವೆ, 2.8ಕ್ಕೆ ಇಳಿಸಿ. ಐಎಸ್‌ಒ ಏರಿಸಿದರೆ ಜಾಸ್ತಿ ಬೆಳಕು ಬರುತ್ತದೆ ಅಂತ ನಮ್ಮ ಕಸುಬಿನವರೂ ಅಂದುಕೊಂಡಿದ್ದಾರೆ, ಅದು ಬಂದಿರುವ ಬೆಳಕನ್ನೇ ಹಿಗ್ಗಿಸಿ ತೋರಿಸುವುದು ಮಾತ್ರ. ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಅಂತ ಮೆನುವಿನಲ್ಲಿ ಒಂದಿರುತ್ತದೆ, ಅದನ್ನೂ ಆಫ್ ಮಾಡಿ, ಇಲ್ಲದಿದ್ದರೆ ಅರ್ಧ ರಾತ್ರಿ ಅದೇ ತಿನ್ನುತ್ತದೆ.

ತಲೆ ಕೆಡಿಸಿಕೊಳ್ಳಬೇಕಾದದ್ದು ಫೋಕಸ್ ಬಗ್ಗೆ. ಲೆನ್ಸಿನ ಮೇಲೆ ಅಡ್ಡ ಮಲಗಿದ ಎಂಟಿನ ಗುರುತು ಇರುತ್ತದಲ್ಲ, ಅದನ್ನು ನಂಬಬೇಡಿ. ಆಟೋಫೋಕಸ್ ಆಫ್ ಮಾಡಿ, ಲುಬ್ಧಕದಂಥ ಒಂದು ಪ್ರಖರ ನಕ್ಷತ್ರಕ್ಕೆ ಕ್ಯಾಮೆರಾ ತಿರುಗಿಸಿ, ಲೈವ್ ವ್ಯೂ ಹಾಕಿ ಪರದೆಯನ್ನು 10 ಪಟ್ಟು ದೊಡ್ಡದು ಮಾಡಿ. ಈಗ ಫೋಕಸ್ ರಿಂಗನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿ. ನಕ್ಷತ್ರ ಮೊದಲು ಉಬ್ಬಿದ ಉಂಡೆಯಾಗಿರುತ್ತದೆ, ಕುಗ್ಗುತ್ತಾ ಬಂದು ಅಂಚಿನಲ್ಲಿ ನೇರಳೆ ಬಣ್ಣ ಕಾಣಿಸುತ್ತದೆ, ಇನ್ನೊಂದು ಚೂರು ತಿರುಗಿಸಿದರೆ ಆ ನೇರಳೆ ಹೋಗಿ ಚುಕ್ಕಿ ಸೂಜಿಮೊನೆಯಷ್ಟಾಗುತ್ತದೆ, ಅದೇ ಹೊತ್ತಿಗೆ ಅಕ್ಕಪಕ್ಕದಲ್ಲಿ ಅಲ್ಲಿಯವರೆಗೆ ಇಲ್ಲದ ಸಣ್ಣ ನಕ್ಷತ್ರಗಳು ಪರದೆಯ ಮೇಲೆ ಹುಟ್ಟಿಕೊಳ್ಳುತ್ತವೆ. ಅಲ್ಲಿ ನಿಲ್ಲಿಸಿ. ರಿಂಗಿಗೆ ಒಂದು ತುಂಡು ಟೇಪ್ ಅಂಟಿಸಿ. ರಾತ್ರಿ ತಣ್ಣಗಾದ ಹಾಗೆ ಫೋಕಸ್ ಸರಿಯುತ್ತದೆ, ಗಂಟೆಗೊಮ್ಮೆ ನೋಡಿ. ಚಳಿಗಾಲದಲ್ಲಿ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ, ಟಾರ್ಚ್ ಬಿಟ್ಟು ಗಾಜನ್ನೂ ನೋಡುತ್ತಿರಿ.

ವಾಪಸ್ ಹೊರಡುವ ಮುಂಚೆ ಲೆನ್ಸಿನ ಕ್ಯಾಪ್ ಹಾಕಿ ಅದೇ 4 ಸೆಕೆಂಡ್, ಅದೇ ಐಎಸ್‌ಒದಲ್ಲಿ ಇಪ್ಪತ್ತು ಫೋಟೊ ತೆಗೆಯಿರಿ. ಕಪ್ಪು ಫೋಟೊ ಯಾಕೆ ಅಂದರೆ, ಸೆನ್ಸರ್ ತನ್ನಷ್ಟಕ್ಕೇ ಹುಟ್ಟಿಸುವ ಗಲೀಜು ಅದರಲ್ಲಿ ಮಾತ್ರ ಸಿಗುತ್ತದೆ, ಆಮೇಲೆ ಕಳೆಯಬಹುದು. ಇದಕ್ಕೆ ಡಾರ್ಕ್ ಅನ್ನುತ್ತಾರೆ. ಬೆಳಗಾದ ಮೇಲೆ ಫೋಕಸ್ ಮುಟ್ಟದೆ, ಲೆನ್ಸಿನ ಮುಂದೆ ಬಿಳಿ ಪಂಚೆಯ ಒಂದು ಮಡಿಕೆ ಸುಕ್ಕಿಲ್ಲದೆ ಎಳೆದು ಕಟ್ಟಿ, ಆಕಾಶಕ್ಕೆ ಹಿಡಿದು ಇನ್ನೊಂದು ಇಪ್ಪತ್ತು. ಇದು ಫ್ಲಾಟ್. ಮೂಲೆಗಳ ಕತ್ತಲು, ಸೆನ್ಸರ್ ಮೇಲಿನ ಧೂಳಿನ ಕಲೆ ಇದರಿಂದ ಹೋಗುತ್ತವೆ. ಧೂಳಿನ ವಿಷಯದಲ್ಲಿ ಮದುವೆಗೆ ಓಡಾಡಿದ ಕ್ಯಾಮೆರಾಗಳ ಸ್ಥಿತಿ ಗೊತ್ತಲ್ಲ!

ಪೇರಿಸುವ ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಿಲ್ಲ. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎರಡೂ ಪುಕ್ಕಟೆ. ಆದರೆ ಇಲ್ಲಿ ಒಂದು ಕಡೆ ಎಲ್ಲರೂ ಕೈಬಿಡುತ್ತಾರೆ. ಗಂಟೆಗಟ್ಟಲೆ ಓಡಿ ಕೊನೆಗೆ ತೆರೆದುಕೊಳ್ಳುವ ಚಿತ್ರ ಪೂರ್ತಿ ಕಪ್ಪಾಗಿರುತ್ತದೆ. ಅಯ್ಯೋ ಎಲ್ಲ ಹಾಳಾಯಿತು ಅಂತ ಮುಚ್ಚಿಬಿಡುತ್ತಾರೆ. ಹಾಳಾಗಿಲ್ಲ, ಎಲ್ಲ ಅದರೊಳಗೇ ಇದೆ, ಹಿಸ್ಟೋಗ್ರಾಮಿನ (ಕಪ್ಪು-ಬಿಳುಪು ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆಯ) ಎಡ ತುದಿಯಲ್ಲಿ ಒತ್ತಿಕೊಂಡು ಕೂತಿದೆ. ಕರ್ವ್ಸ್‌ನಲ್ಲಿ ಆ ಎಡ ತುದಿಯನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತಾ ಹೋಗಿ. ಮೊದಲು ಊರಿನ ದೀಪದ ಕಿತ್ತಳೆ ಮಬ್ಬು ಬರುತ್ತದೆ, ಸಿರಿಲ್‌ನಲ್ಲಿ ಅದನ್ನು ತೆಗೆಯುವ ಆಯ್ಕೆ ಇದೆ. ಅದು ಹೋದ ಮೇಲೆ ಮಹಾವ್ಯಾಧನ ಕತ್ತಿಯ ಸುತ್ತ ಗುಲಾಬಿ ಬಣ್ಣ ಎದ್ದು ಬರುತ್ತದೆ. ಸ್ಟುಡಿಯೋದವರಿಗೆ ಒಂದು ಎಚ್ಚರಿಕೆ: ಮದುಮಗಳ ಮುಖಕ್ಕೆ ಹಚ್ಚುವ ಹಾಗೆ ಇಲ್ಲಿ ನುಣುಪು ಹಚ್ಚಬೇಡಿ, ಆಕಾಶವನ್ನು ಇದ್ದಿಲ ಕಪ್ಪು ಮಾಡಬೇಡಿ. ಕಪ್ಪು ಮಾಡಿದರೆ ನೀಹಾರಿಕೆಯ ಹೊರಗಿನ ತೆಳು ಪದರವೇ ಸತ್ತುಹೋಗುತ್ತದೆ, ರಾತ್ರಿಯೆಲ್ಲ ಕೂತದ್ದು ಅದಕ್ಕೇ ತಾನೆ.

ಆ ಗುಲಾಬಿ ಹೈಡ್ರೋಜನ್‌ದು, 656 ನ್ಯಾನೋಮೀಟರಿನ ಕೆಂಪು. ಮಾಮೂಲಿ ಕ್ಯಾಮೆರಾದ ಸೆನ್ಸರ್ ಮುಂದಿರುವ ಫಿಲ್ಟರ್ ಆ ಕೆಂಪನ್ನು ಬಹುಪಾಲು ತಡೆದುಬಿಡುತ್ತದೆ. ಎಂ 42 ಸಾಕಷ್ಟು ಪ್ರಖರವಾಗಿರುವುದರಿಂದ ಆದರೂ ಸಿಗುತ್ತದೆ, ಬರೀ ಕೆಂಪಾಗಿರುವ ಮಂಕು ನೀಹಾರಿಕೆಗಳು ಸಿಗುವುದು ಕಷ್ಟ. ಆ ಫಿಲ್ಟರ್ ಬಿಚ್ಚಿಸುತ್ತೇನೆ ಅಂತ ಈಗಲೇ ಹೊರಡಬೇಡಿ. ಬಿಚ್ಚಿಸಿದ ಕ್ಯಾಮೆರಾದಲ್ಲಿ ಮದುವೆ ಫೋಟೊ ತೆಗೆದರೆ ಎಲ್ಲರೂ ಕೆಂಪಗೆ ಬರುತ್ತಾರೆ.

ಇಷ್ಟು ಕಡಿಮೆ ಸಾಮಾನಿನಲ್ಲಿ ಏನು ಮಹಾ ಬಂದೀತು ಅನ್ನುವವರು ಹಳೇ ಕಥೆ ಕೇಳಬೇಕು. ಮಹಾವ್ಯಾಧನ ನೀಹಾರಿಕೆಯ ಮೊದಲ ಫೋಟೊ ತೆಗೆದವರು ಹೆನ್ರಿ ಡ್ರೇಪರ್, ನ್ಯೂಯಾರ್ಕಿನ ಡಾಕ್ಟರು, 1880ರ ಸೆಪ್ಟೆಂಬರ್ 30ರಂದು. 11 ಇಂಚಿನ ದೂರದರ್ಶಕ, 51 ನಿಮಿಷದ ಎಕ್ಸ್‌ಪೋಶರ್. ಅದರಲ್ಲಿ ಬಂದದ್ದು ನಡುವಿನ ಪ್ರಖರ ಭಾಗ ಮಾತ್ರ. ಮೂರು ವರ್ಷಕ್ಕೆ, 1883ರಲ್ಲಿ, ಲಂಡನ್ ಪಕ್ಕದ ಈಲಿಂಗ್‌ನಲ್ಲಿ ಆಂಡ್ರೂ ಕಾಮನ್ ಅನ್ನುವವರು ಮನೆಯಲ್ಲೇ ಕೂರಿಸಿಕೊಂಡ 36 ಇಂಚಿನ ಕನ್ನಡಿಯ ದೂರದರ್ಶಕದಿಂದ ಅದಕ್ಕಿಂತ ಎಷ್ಟೋ ಚೆನ್ನಾಗಿ ತೆಗೆದರು. ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳು ಫೋಟೊದಲ್ಲಿ ಬಂದವು, ಖಗೋಳದವರು ಫೋಟೊವನ್ನು ಗಂಭೀರವಾಗಿ ತೆಗೆದುಕೊಳ್ಳಲು ಅದೊಂದು ಕಾರಣ. ಈ ಕಾಮನ್ ಕಸುಬಿನಲ್ಲಿ ಏನಾಗಿದ್ದರು ಗೊತ್ತಾ? ನೈರ್ಮಲ್ಯದ ಎಂಜಿನಿಯರ್, ಚರಂಡಿ ಕೆಲಸ. ಇವತ್ತು ನಮ್ಮ ಹಳೇ ಡಿಎಸ್‌ಎಲ್‌ಆರ್‌ಗೆ 200 ಎಂಎಂ ಹಾಕಿ ತೆಗೆದು ಪೇರಿಸಿದರೆ ಡ್ರೇಪರ್ ಅವರ ಆ ಮೊದಲ ಫೋಟೊಗಿಂತ ಜಾಸ್ತಿ ಹರವು ಸಿಗುತ್ತದೆ.

ಈಗ ಯಾವಾಗ ತೆಗೆಯುವುದು ಅನ್ನುವ ವಿಷಯ. ಇದಕ್ಕೆ ಆ್ಯಪ್ ಇದೆ, ಇಲ್ಲ ಅಂತಲ್ಲ, ಸ್ಟೆಲೇರಿಯಂ ಹಾಕಿಕೊಳ್ಳಿ. ಆದರೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್‌ನಷ್ಟು ಸಲೀಸಾದದ್ದು ಇನ್ನೊಂದಿಲ್ಲ. ನಮಗೆ ಬೇಕಾದದ್ದು ಚಂದ್ರ ಇಲ್ಲದ ರಾತ್ರಿ, ಅಮಾವಾಸ್ಯೆಯ ಹಿಂದೆ ಮುಂದೆ ನಾಲ್ಕೈದು ದಿನ. ಅಮಾವಾಸ್ಯೆಗೆ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ನಮ್ಮ ಕಸುಬಿನವರಿಗೆ ಅದು ರಜೆ. ಧನುರ್ಮಾಸವಂತೂ ವರ! ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಮದುವೆಗಳಿಲ್ಲ, ಆಕಾಶ ತಿಳಿ, ಮಹಾವ್ಯಾಧ ರಾತ್ರಿ ಹತ್ತು ಹನ್ನೊಂದಕ್ಕೆಲ್ಲ ಎತ್ತರಕ್ಕೆ ಬಂದಿರುತ್ತಾನೆ, ಕೃತ್ತಿಕೆ ನೆತ್ತಿಯ ಮೇಲೆ. ಕಲಬುರಗಿ, ಬೀದರ್, ವಿಜಯಪುರದ ಕಡೆಯವರು ಎಳ್ಳಮಾವಾಸ್ಯೆಗೆ ಹೇಗೂ ಹೊಲಕ್ಕೆ ಹೋಗುತ್ತಾರೆ. ಊಟ ಮುಗಿಸಿ ಕತ್ತಲಾಗುವವರೆಗೆ ಅಲ್ಲೇ ಇದ್ದುಬಿಟ್ಟರೆ ಆಯಿತು, ಟ್ರೈಪಾಡ್ ಇಡಲು ಜಾಗ ಹುಡುಕುವ ಕೆಲಸವೇ ಇಲ್ಲ. ದೀಪಾವಳಿ ಅಮಾವಾಸ್ಯೆಗೆ ರಾತ್ರಿ ಒಂಬತ್ತರ ಹೊತ್ತಿಗೆ ದೇವಯಾನಿ ಉತ್ತರದ ಕಡೆ ಎತ್ತರದಲ್ಲಿರುತ್ತದೆ, ಆದರೆ ಪಟಾಕಿ ಹೊಗೆ, ಮೇಲೆ ಹಿಂಗಾರು ಮೋಡ. ಎರಡು ಮೂರು ದಿನ ಬಿಟ್ಟು ನೋಡಿ.

ಎಲ್ಲಕ್ಕಿಂತ ಒಳ್ಳೆಯದು ಶಿವರಾತ್ರಿ. ಅಮಾವಾಸ್ಯೆಯ ಹಿಂದಿನ ರಾತ್ರಿ ಅದು, ಚಂದ್ರ ಹುಟ್ಟುವುದು ಬೆಳಗಿನ ಜಾವ ಒಂದು ಎಳೆಯಾಗಿ. ಜಾಗರಣೆ ಅಂತ ಮನೆಯವರೂ ಬಯ್ಯುವುದಿಲ್ಲ. ಸಂಜೆ ಕತ್ತಲಾಗುತ್ತಲೇ ಮಹಾವ್ಯಾಧ ನೆತ್ತಿಯ ಹತ್ತಿರ. ಅವನು ಪಡುವಣಕ್ಕೆ ಇಳಿಯುವ ಹೊತ್ತಿಗೆ, ಹನ್ನೆರಡರ ಸುಮಾರಿಗೆ, ದಕ್ಷಿಣದಲ್ಲಿ ಈಟಾ ಕರೀನಾ ನೀಹಾರಿಕೆ, ದಿಗಂತದಿಂದ 16 ಡಿಗ್ರಿ ಮೇಲೆ. ಮೂರು ಗಂಟೆಗೆ ಒಮೇಗಾ ಸೆಂಟಾರಿ ನಕ್ಷತ್ರಗುಚ್ಛ, ಇನ್ನೂ ಸ್ವಲ್ಪ ಎತ್ತರದಲ್ಲಿ. ನಾಲ್ಕರ ನಂತರ ವೃಶ್ಚಿಕ, ಧನು, ಆಕಾಶಗಂಗೆಯ ನಡುಭಾಗ ಮೂಡಣದಿಂದ ಏಳುತ್ತದೆ. ಒಂದೇ ರಾತ್ರಿಯಲ್ಲಿ ಇಷ್ಟು. ಯುಗಾದಿಯ ಹಿಂದಿನ ರಾತ್ರಿಯೂ ಅಮಾವಾಸ್ಯೆಯೇ, ಅವತ್ತು ನಾಲ್ಕೂವರೆಗೆ ಎದ್ದು ಎಣ್ಣೆ ಸ್ನಾನಕ್ಕೆ ಮುಂಚೆ ಮಾಳಿಗೆ ಹತ್ತಿದರೂ ಧನು ರಾಶಿ ಚೆನ್ನಾಗಿ ಮೇಲೆ ಬಂದಿರುತ್ತದೆ.

ಇಲ್ಲಿ ನಮ್ಮ ರಾಜ್ಯದವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಯೂರೋಪ್, ಅಮೆರಿಕದವರು ಮಾಡಿದ ವಿಡಿಯೊ ನೋಡಿ ಕಲಿಯುತ್ತೇವೆ, ಅವರ ಆಕಾಶವೇ ನಮ್ಮದೂ ಅಂದುಕೊಳ್ಳುತ್ತೇವೆ. ಲಂಡನ್‌ನಲ್ಲಿ ಒಮೇಗಾ ಸೆಂಟಾರಿ, ಈಟಾ ಕರೀನಾ ದಿಗಂತ ದಾಟಿ ಮೇಲೆ ಬರುವುದೇ ಇಲ್ಲ. ಆಕಾಶಗಂಗೆಯ ನಡುಭಾಗ ಅಲ್ಲಿ ದಿಗಂತದ ಮೇಲೆ ಹತ್ತು ಡಿಗ್ರಿಯೂ ಏರುವುದಿಲ್ಲ, ನಮ್ಮಲ್ಲಿ 45 ಡಿಗ್ರಿ ದಾಟುತ್ತದೆ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವೀಕ್ಷಣಾಲಯ ತಮಿಳುನಾಡಿನ ಕಾವಲೂರಿನಲ್ಲಿ ಇರುವುದಕ್ಕೂ ಇದೊಂದು ಕಾರಣ, ದಕ್ಷಿಣದ ಆಕಾಶವೂ ಸಿಗಲಿ ಅಂತ ಖಗೋಳ ವಿಜ್ಞಾನಿ ವೈನು ಬಾಪು ಆ ಜಾಗ ಆರಿಸಿದ್ದು. ಅಷ್ಟು ದೂರ ಯಾಕೆ, ನಮ್ಮ ಹೊಲದಿಂದಲೂ ಅದೇ ಆಕಾಶ.

ಅನುಕೂಲದ ಜೊತೆ ಒಂದು ತೊಂದರೆಯೂ ಇದೆ. ಧ್ರುವ ನಕ್ಷತ್ರ ನಮಗೆ ಭಾರೀ ಕೆಳಗೆ. ಬೆಂಗಳೂರಿನಲ್ಲಿ 13 ಡಿಗ್ರಿ, ನಮ್ಮಲ್ಲಿ 14, ಬೀದರಿಗೆ ಹೋದರೂ 18. ಒಂದು ಹುಣಸೆಮರ ಅಡ್ಡ ಇದ್ದರೆ ಮುಗಿಯಿತು. ನಕ್ಷತ್ರದ ಜೊತೆ ತಿರುಗುವ ಟ್ರ್ಯಾಕರ್‌ಗಳನ್ನು ಧ್ರುವದ ಕಡೆ ಗುರಿಯಿಟ್ಟು ಕೂರಿಸಬೇಕು, ಅದಕ್ಕೇ ಈ ಮಾತು. ಮುಂದೆ ಯಾವತ್ತಾದರೂ ದೊಡ್ಡ ಮೌಂಟ್ (ಟೆಲಿಸ್ಕೋಪ್ ಹೊತ್ತು ತಿರುಗುವ ಸ್ಟ್ಯಾಂಡ್) ಕೊಳ್ಳುವವರು ಅದು ಎಷ್ಟು ಅಕ್ಷಾಂಶದವರೆಗೆ ಬಾಗುತ್ತದೆ ಅಂತ ಕೇಳಿಯೇ ಕೊಳ್ಳಿ. ಕೆಲವನ್ನು 14ಕ್ಕೆ ಇಳಿಸಿದರೆ ತೂಕದ ರಾಡು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ.

ಟ್ರ್ಯಾಕರ್ ಕೊಳ್ಳುವ ಮೊದಲು ನೀವೇ ಒಂದು ಮಾಡಿಕೊಳ್ಳಬಹುದು. 1975ರಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಹೇಗ್ ತೋರಿಸಿಕೊಟ್ಟ ಉಪಾಯ. ಎರಡು ಹಲಗೆ, ಒಂದು ತುದಿಯಲ್ಲಿ ಬಾಗಿಲ ಕೀಲು, ಇನ್ನೊಂದು ತುದಿಯಲ್ಲಿ ಮರೆ (ತಿರುಪಿನ ಸುತ್ತು, ಥ್ರೆಡ್) ಇರುವ ಒಂದು ರಾಡು. ರಾಡು ತಿರುಗಿಸಿದರೆ ಮೇಲಿನ ಹಲಗೆ ನಿಧಾನಕ್ಕೆ ಏಳುತ್ತದೆ, ಅದರ ಮೇಲೆ ಕ್ಯಾಮೆರಾ. ಇಂಗ್ಲಿಷ್ ವಿಡಿಯೊಗಳಲ್ಲಿ ಕಾಲಿಂಚು ರಾಡು, 290 ಮಿಲಿಮೀಟರ್ ಅಂತ ಲೆಕ್ಕ ಕೊಡುತ್ತಾರೆ, ಅದು ಇಂಚಿಗೆ 20 ಮರೆ ಇರುವ ರಾಡಿಗೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಲೀಸಾಗಿ ಸಿಗುವುದು ಎಂ 6 ರಾಡು, ಒಂದು ಸುತ್ತಿಗೆ 1 ಮಿಲಿಮೀಟರ್ ಏರುತ್ತದೆ. ಅದಕ್ಕೆ ಕೀಲಿನ ನಡುವಿನಿಂದ ರಾಡಿನ ನಡುವಿಗೆ 228.6 ಮಿಲಿಮೀಟರ್ ಇರಬೇಕು. ಅಂದರೆ ಸರಿಯಾಗಿ ಒಂಬತ್ತು ಇಂಚು, ಆಚಾರರಿಗೆ ಈ ಅಳತೆಯನ್ನು ಬರೆದುಕೊಡಿ. ಉತ್ತರಕ್ಕೆ ಮುಖ ಮಾಡಿ ನಿಂತರೆ ಕೀಲು ಎಡಗಡೆ ಇರಬೇಕು, ಕೀಲಿನ ಗೆರೆ ಧ್ರುವದ ಕಡೆ ನೋಡುತ್ತಿರಬೇಕು. ಧ್ರುವ ಕಾಣದಿದ್ದರೆ ಫೋನಿನ ದಿಕ್ಸೂಚಿ ಹಿಡಿದು ಉತ್ತರ, ಕೋನ ಅಳೆಯುವ ಆ್ಯಪ್ ಇಟ್ಟು 14 ಡಿಗ್ರಿ. ಆಮೇಲೆ ಗಡಿಯಾರ ನೋಡಿಕೊಂಡು 15 ಸೆಕೆಂಡಿಗೆ ಕಾಲು ಸುತ್ತು. ಅಷ್ಟೇ. 50 ಎಂಎಂನಲ್ಲಿ 4 ಸೆಕೆಂಡ್ ಇದ್ದದ್ದು ಒಂದು ನಿಮಿಷಕ್ಕೆ ಏರುತ್ತದೆ. ನೇರ ರಾಡಾದ್ದರಿಂದ ಹತ್ತು ನಿಮಿಷ ದಾಟಿದರೆ ಲೆಕ್ಕ ತಪ್ಪುತ್ತಾ ಬರುತ್ತದೆ, ವಾಪಸ್ ಕೆಳಗಿಳಿಸಿ ಮತ್ತೆ ಶುರು ಮಾಡಿ. ಮೋಟಾರು ಹಾಕಿಕೊಳ್ಳುವುದು ಐಟಿಐ ಹುಡುಗರಿಗೆ ಬಿಟ್ಟಿದ್ದೇನೆ.

ಜಾಗದ ಬಗ್ಗೆ ಎರಡು ಮಾತು. ಹೈಮಾಸ್ಟ್ ದೀಪ ಕಾಣದ ಕಡೆ ಹೋಗಬೇಕು, ಈಗ ಹಳ್ಳಿಯ ಸರ್ಕಲ್ಲಿಗೂ ಅದು ಬಂದಿದೆ. ಬೆಳಕು ನೆಲಕ್ಕೆ ಬೀಳುವ ಹಾಗೆ ಮೇಲೊಂದು ಮುಚ್ಚಳ ಹಾಕಿದ್ದರೆ ಯಾರಿಗೂ ನಷ್ಟ ಇರಲಿಲ್ಲ. ಇನ್ನೊಂದು, ಹೊಲದ ಯಜಮಾನರಿಗೆ ಮೊದಲೇ ತಿಳಿಸಿ, ಒಬ್ಬರೇ ಹೋಗಬೇಡಿ. ನಮ್ಮ ಕಡೆ ಕರಡಿ ಇವೆ, ಕರಡಿಗಿಂತ ದೊಡ್ಡ ಸಮಸ್ಯೆ ನಿಧಿ. ಅಮಾವಾಸ್ಯೆ ರಾತ್ರಿ ಗುಡ್ಡದ ಬುಡದಲ್ಲಿ ನಾಲ್ಕು ಜನ ಮೂರು ಕಾಲಿನ ಸಾಮಾನು ನಿಲ್ಲಿಸಿಕೊಂಡು, ಕಣ್ಣು ಕತ್ತಲಿಗೆ ಹೊಂದಲಿ ಅಂತ ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಂಡು ಕೂತರೆ ಊರಿನವರು ಏನಂದುಕೊಳ್ಳಬೇಕು ಹೇಳಿ? ದೊಣ್ಣೆ ಹಿಡಿದು ಬಂದವರಿಗೆ ಕ್ಯಾಮೆರಾ ಪರದೆಯಲ್ಲಿ ಕೃತ್ತಿಕೆ ತೋರಿಸಿದ್ದೇನೆ. ಆಮೇಲೆ ಅವರೇ ಚಹಾ ಕಳಿಸಿದರು, ಅದು ಬೇರೆ ಮಾತು.

ದುಡ್ಡು ಯಾವಾಗ ಹಾಕಬೇಕು? ಒಂದು ಚಳಿಗಾಲ ಟ್ರೈಪಾಡಿನಲ್ಲೇ ಕಳೆದು, ಆದರೂ ಹುಚ್ಚು ಬಿಡದಿದ್ದರೆ ಒಂದು ಸಣ್ಣ ಟ್ರ್ಯಾಕರ್. ಅದಾದ ಮೇಲೆ ಒಳ್ಳೆಯ ಲೆನ್ಸ್ ಒಂದು, 135 ಎಂಎಂ ಸುತ್ತಮುತ್ತಲಿನದು. ಟೆಲಿಸ್ಕೋಪ್ ಇವೆಲ್ಲ ಆದ ಮೇಲೆ. ಈಗ ಫೋನಿಗೆ ಹೇಳಿದರೆ ತಾನೇ ಹುಡುಕಿ, ತಾನೇ ತೆಗೆದು, ತಾನೇ ಪೇರಿಸಿ ಕೊಡುವ ಪುಟ್ಟ ಸ್ಮಾರ್ಟ್ ಟೆಲಿಸ್ಕೋಪ್‌ಗಳೂ ಬಂದಿವೆ, 2023ರಲ್ಲಿ ಬಂದ ಸೀಸ್ಟಾರ್ ಎಸ್50 ಥರದವು. ಶಾಲೆಗಳಿಗೆ ಅದು ಒಳ್ಳೆಯದೇ, ಮಕ್ಕಳಿಗೆ ಆಗಲೇ ಚಿತ್ರ ತೋರಿಸಬಹುದು. ಫೋಟೊ ತೆಗೆಯುವುದು ಕಲಿಯಬೇಕು ಅನ್ನುವವರಿಗೆ ಮಾತ್ರ ನಾನು ಅದನ್ನು ಹೇಳುವುದಿಲ್ಲ. ಫೋಕಸ್ ಕೂಡ ಅದೇ ಮಾಡಿದರೆ ನಮಗೇನು ಕೆಲಸ?

ಕೊನೆಗೆ ನಿಮ್ಮಲ್ಲೊಂದು ಕೋರಿಕೆ ಸಾರ್. ಹಬಲ್ ಚಿತ್ರ ಹಾಕುವ ಪುರವಣಿಯಲ್ಲೇ ತಿಂಗಳಿಗೊಮ್ಮೆ ಅರ್ಧ ಕಾಲಂ ಕೊಡಿ. ಆ ತಿಂಗಳ ಅಮಾವಾಸ್ಯೆಗೆ ರಾತ್ರಿ ಎಷ್ಟು ಗಂಟೆಗೆ ಏನು ಕಾಣುತ್ತದೆ ಅಂತ ಎರಡು ಸಾಲು, ಪಕ್ಕದಲ್ಲಿ ಓದುಗರು ತೆಗೆದ ಒಂದು ಚಿತ್ರ. ಗ್ರೇನ್ ಇದ್ದರೂ ಇರಲಿ, ನಕ್ಷತ್ರ ಸ್ವಲ್ಪ ಎಳೆದಿದ್ದರೂ ಇರಲಿ. ಕೆಳಗೆ ಯಾವ ಲೆನ್ಸ್, ಎಷ್ಟು ಸೆಕೆಂಡ್, ಎಷ್ಟು ಫೋಟೊ ಪೇರಿಸಿದ್ದು, ಯಾವ ಊರಿನ ಹೊಲ ಅಂತ ತಪ್ಪದೆ ಹಾಕಿ. ಫೋಟೊಗ್ರಾಫರ್ ಹೆಸರಿಗೆ ಜಾಗ ಸಾಲದಿದ್ದರೆ ಹೆಸರು ಬಿಡಿ, ಸೆಕೆಂಡಿನ ಲೆಕ್ಕ ಬಿಡಬೇಡಿ.

ಇಂತಿ,
ಒಬ್ಬ ಸ್ಟುಡಿಯೋ ಫೋಟೊಗ್ರಾಫರ್, ಚಿತ್ರದುರ್ಗ ಜಿಲ್ಲೆ